ಮರದ ಬುಡದ ಹಸಿರು ಚುಕ್ಕಿ

ಮಗುವಿನ ಕೈಗೆ ಪಟ್ಟಿ ಕಟ್ಟಿದವಳು ಭಾನುಪ್ರಿಯಾಳೇ. ಆ ಕೆಲಸಕ್ಕೆಂದೇ ಟಿಕೆಟ್ ಕೌಂಟರಿನ ಪಕ್ಕ ಇಬ್ಬರು ಹುಡುಗಿಯರು ನಿಂತಿರುತ್ತಾರೆ. ಆದರೂ ಡ್ಯೂಟಿಗೆ ಹೋಗುವ ಮೊದಲು ತಾನೇ ಮಂಡಿಯೂರಿ ಕೂತು, ಮಗಳ ಎಡಗೈ ಹಿಡಿದು, ಬಿಗಿಯಾಗಿ ಕಟ್ಟಿ, ಕೊಂಡಿಯನ್ನು ಎಳೆದೆಳೆದು ನೋಡಿದಳು. ರಬ್ಬರಿನಂಥ ಹಸಿರು ಪಟ್ಟಿ, ನಡುವೆ ಒಂದು ಬಿಲ್ಲೆ. ಬಿಲ್ಲೆಯ ಮೇಲೆ ಬೆಳಕಿನ ಅಕ್ಷರದಲ್ಲಿ 'ಹರ್ಷಿತ' ಎಂದು ಮೂಡಿದ್ದೇ ಮಗು ಹಲ್ಲುಬಿಟ್ಟಿತು. ಒಮ್ಮೆ ಕಟ್ಟಿದ ಮೇಲೆ ಗೇಟಿನಲ್ಲಿರುವ ಯಂತ್ರ ಮುಟ್ಟಿಸದೆ ಆ ಕೊಂಡಿ ಬಿಚ್ಚುವುದಿಲ್ಲ. ಕತ್ತರಿ ಹಾಕಿದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಕೂಗಿಕೊಳ್ಳುತ್ತದೆ.

"ಅಜ್ಜಿ ಕೈ ಬಿಡಬೇಡ," ಅಂದಳು ಮಗುವಿಗೆ. ಅತ್ತೆಯ ಕೈಗೂ ಒಂದು ಹಳದಿ ಪಟ್ಟಿ ಕಟ್ಟಿ, "ಏನೂ ಹೆದರ್ಕೊಬೇಡಿ ಅತ್ತೆ. ನೀವು ಎಲ್ಲಿದ್ರೂ ನಂಗೆ ಅಲ್ಲಿಂದಾನೇ ಕಾಣುತ್ತೆ," ಅಂದಳು. ಅಶ್ವತ್ಥಮ್ಮ ಪಟ್ಟಿಯನ್ನು ಒಮ್ಮೆ ನೋಡಿ, ಸೆರಗಿನೊಳಗೆ ಕೈ ಎಳೆದುಕೊಂಡರು.

ಪಾರ್ಕಿನ ಹೆಸರು ಕಿನ್ನರಲೋಕ. ದೇವನಹಳ್ಳಿಯಿಂದ ಚನ್ನರಾಯಪಟ್ಟಣ ಹೋಬಳಿಯ ಕಡೆ ಹೋಗುವ ರಸ್ತೆಯಲ್ಲಿ, ವಿಮಾನದ ಹೊಟ್ಟೆಯ ಅಡಿಯಲ್ಲಿ ಬರೆದಿರುವುದನ್ನೂ ಓದಬಹುದು ಅನ್ನುವಂಥ ಜಾಗದಲ್ಲಿ, ಸೀಗೆಕುಂಟೆ ಊರಿನ ದ್ರಾಕ್ಷಿ ತೋಟ, ರಾಗಿ ಹೊಲಗಳನ್ನೆಲ್ಲ ಒಟ್ಟಿಗೆ ಬಳಸಿಕೊಂಡು ಕಟ್ಟಿದ್ದು. ಊರಿನವರಿಗೆ ಹೊಲ ಹೋಯಿತು, ಒಂದಷ್ಟು ಜನಕ್ಕೆ ಯೂನಿಫಾರಂ ಬಂತು. ಕಾಂಪೌಂಡಿನ ಒಳಗೆ ಸಿಕ್ಕಿಹಾಕಿಕೊಂಡ ಹಳೆಯದೆಂದರೆ ಎರಡೇ. ಒಂದು, ದನ ನೀರು ಕುಡಿಯುತ್ತಿದ್ದ ಕುಂಟೆ. ಅದರ ದಡಕ್ಕೆ ಸಿಮೆಂಟು ಮೆತ್ತಿ, ನೀರಿಗೆ ನೀಲಿ ಬೆರೆಸಿ, ಲೇಕ್ ಅಂತ ಹೆಸರಿಟ್ಟರು. ಇನ್ನೊಂದು, ಮುತ್ಯಾಲಮ್ಮನ ಬೇವಿನ ಮರ. ಮರ ಕಡಿಯಲು ಬಂದ ಯಂತ್ರದ ಮುಂದೆ ಊರ ಹೆಂಗಸರು ಅಡ್ಡ ಮಲಗಿದರು. ಕಂಪನಿಯವರು ಬುದ್ಧಿವಂತರು, ಮರದ ಸುತ್ತ ಬೇಲಿ ಹಾಕಿ 'ಪಾರಂಪರಿಕ ಮೂಲೆ' ಅಂತ ಬೋರ್ಡು ನೆಟ್ಟು ಅದನ್ನೂ ಟಿಕೆಟ್ಟಿನೊಳಗೆ ಸೇರಿಸಿಕೊಂಡರು. ಅಂದಿನಿಂದ ಮುತ್ಯಾಲಮ್ಮನಿಗೆ ಕೈ ಮುಗಿಯಬೇಕಾದರೂ ಟಿಕೆಟ್ ತೆಗೆಯಬೇಕಾಯಿತು.

ಪಟ್ಟಿ ಬಂದದ್ದು ಎರಡು ವರ್ಷದ ಹಿಂದೆ. ಅದು ಕೈಯಲ್ಲಿದ್ದರೆ ಪಾರ್ಕಿಗೇ ನಿಮ್ಮ ಪರಿಚಯವಾಗುತ್ತದೆ. ಮಗುವಿನ ಹೆಸರು, ಇಷ್ಟದ ಬಣ್ಣ, ಇಷ್ಟದ ಪ್ರಾಣಿ ಎಲ್ಲ ಮೊದಲೇ ತುಂಬಿಸಿದರೆ, ಗೋಡೆಯ ಮೇಲಿನ ಆನೆ ಹೆಸರು ಹಿಡಿದು ಕರೆಯುತ್ತದೆ, ಐಸ್‌ಕ್ರೀಮಿನವನಿಗೆ ಕೇಳುವ ಮೊದಲೇ ಯಾವ ಬಣ್ಣದ್ದು ಎಂದು ಗೊತ್ತಿರುತ್ತದೆ. ಕಂಟ್ರೋಲ್ ರೂಮಿನ ದೊಡ್ಡ ಪರದೆಯಲ್ಲಿ ಮಕ್ಕಳೆಲ್ಲ ಹಸಿರು ಚುಕ್ಕಿ, ದೊಡ್ಡವರೆಲ್ಲ ಹಳದಿ ಚುಕ್ಕಿ. ಆ ಪರದೆಯ ಮುಂದೆ ಭಾನುಪ್ರಿಯಾಳ ಕುರ್ಚಿ. ದೊಡ್ಡಬಳ್ಳಾಪುರದಲ್ಲಿ ಬಿಕಾಂ ಮಾಡಿ, ಮದುವೆಯಾಗಿ ಸೀಗೆಕುಂಟೆಗೆ ಬಂದು, ಒಲೆಯ ಮುಂದೆ ಮೂರು ವರ್ಷ ಕಳೆದವಳಿಗೆ ಆ ಕುರ್ಚಿಯ ಮೇಲೆ ಸಣ್ಣ ಹೆಮ್ಮೆಯಿತ್ತು. ಇರಬಾರದೇಕೆ? ಕಳೆದ ಬೇಸಿಗೆಯಲ್ಲಿ ಹಿಂದೂಪುರದ ಕಡೆಯ ಒಬ್ಬಳು ತಾಯಿ ಮಗ ಕಾಣುತ್ತಿಲ್ಲವೆಂದು ನೆಲಕ್ಕೆ ಬಿದ್ದು ಹೊರಳುತ್ತಿದ್ದಾಗ, ಭಾನುಪ್ರಿಯಾ ಕೂತಲ್ಲಿಂದಲೇ ಅವನನ್ನು ಹುಡುಕಿ ಕೊಟ್ಟಿದ್ದಳು. ಹುಡುಗ ಫೈಬರ್ ಆನೆಯ ಹೊಟ್ಟೆಯೊಳಗೆ ನಿದ್ದೆ ಹೋಗಿದ್ದ. ಸುತ್ತಮುತ್ತ ಹುಡುಕಿ ಸುಸ್ತಾದ ಸೆಕ್ಯುರಿಟಿಯವರಿಗೆ ಅವಳು ವಾಕಿಟಾಕಿಯಲ್ಲಿ, "ನೀವು ನಿಂತಿರೋ ಕಡೆನೇ, ಆನೆ ಒಳಗೆ ನೋಡಿ," ಅಂದಿದ್ದಳು. ಆ ತಾಯಿ ಬಂದು ಅವಳ ಕಾಲು ಮುಟ್ಟಿದಳು.

"ಕಣ್ಣು ತಪ್ಪುತ್ತೆ, ಬ್ಯಾಂಡ್ ತಪ್ಪಲ್ಲ," ಅನ್ನುವುದು ಅವಳ ಮೇಲಿನ ಅಧಿಕಾರಿ ವಿಜಯ್ ಅವರ ಮಾತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನ ಅದನ್ನೇ ಹೇಳುತ್ತಿದ್ದರು. ಭಾನುಪ್ರಿಯಾ ಅದನ್ನು ಬರೀ ಕೇಳಿದವಳಲ್ಲ, ಕಣ್ಣಾರೆ ಕಂಡು ನಂಬಿದವಳು.

ಆ ಮಂಗಳವಾರ ಕೆಲಸಗಾರರ ಮನೆಯವರಿಗೆ ಬಿಟ್ಟಿ ಪ್ರವೇಶ. ಅಶ್ವತ್ಥಮ್ಮ ಆ ದಿನಕ್ಕಾಗಿ ಕಾದು ಕೂತಿದ್ದರು. ಹಿಂದಿನ ತಿಂಗಳು ಹರ್ಷಿತಳಿಗೆ ಅಮ್ಮ ಎದ್ದಿತ್ತು. ಮೈತುಂಬ ಗುಳ್ಳೆ, ಜ್ವರ. ಡಾಕ್ಟರು ಸಿಡುಬಲ್ಲ, ಚಿಕನ್‌ಪಾಕ್ಸ್, ತಾನಾಗೇ ಇಳಿಯುತ್ತೆ ಅಂದರು. ಇಳಿಯಿತು ಕೂಡ. ಆದರೆ ಆ ರಾತ್ರಿಗಳಲ್ಲಿ ಬೇವಿನ ಸೊಪ್ಪಿನಿಂದ ಮಗುವಿನ ಮೈ ಸವರುತ್ತ ಕೂತವರು ಅಶ್ವತ್ಥಮ್ಮ. ಮುತ್ಯಾಲಮ್ಮನಿಗೆ ಅವರು ಹೇಳಿಕೊಂಡಿದ್ದು ಆ ಕಡೆಯ ಹೆಂಗಸರೆಲ್ಲ ಹೇಳಿಕೊಳ್ಳುವುದನ್ನೇ. ಇಳಿಸಿಕೊಡು, ಬಂದು ತಂಪು ಮಾಡುತ್ತೇನೆ, ಮಗುವಿನ ಕೈಯಲ್ಲಿರುವುದನ್ನು ನಿನಗೆ ಬಿಡುತ್ತೇನೆ. ತಂಪೆಂದರೆ ಮೊಸರನ್ನ, ಬೆಣ್ಣೆ, ಅರಿಶಿನ. ಕೈಯಲ್ಲಿರುವುದೆಂದರೆ ಬಳೆ. ಅದನ್ನು ಮಗುವಿನ ಕೈಯಿಂದಲೇ ತೆಗೆದು ಮರಕ್ಕೆ ಕಟ್ಟಬೇಕು, ಅಂಗಡಿಯಿಂದ ತಂದದ್ದು ನಡೆಯುವುದಿಲ್ಲ.

"ಯಾವ ಆಟಾನೂ ಬ್ಯಾಡ ಕಣಮ್ಮ ನಂಗೆ," ಅಂದಿದ್ದರು ಸೊಸೆಗೆ. "ಅಮ್ಮನ ತಾವ ಹೋಗಿ ಹರಕೆ ಒಪ್ಪಿಸ್ಬಿಟ್ರೆ ಎದೆ ಮ್ಯಾಲಿನ ಭಾರ ಇಳೀತದೆ." ಭಾನುಪ್ರಿಯಾ ನಕ್ಕಿದ್ದಳು. ಮಗಳು ಆಡುವುದಕ್ಕೆ ಹೋಗುತ್ತಾಳೆ, ಅತ್ತೆ ದೇವರಿಗೆ ಹೋಗುತ್ತಾರೆ, ಇಬ್ಬರಿಗೂ ಒಂದೇ ಗೇಟು. ಗಂಡ ಬೀರೇಶ್‌ಗೆ ಏರ್‌ಪೋರ್ಟ್ ಕಾರ್ಗೋದಲ್ಲಿ ಹಗಲು ಡ್ಯೂಟಿ, ಅವನು ಬರುವಂತಿರಲಿಲ್ಲ.

ಬೆಳಗಿನಿಂದಲೂ ಭಾನುಪ್ರಿಯಾಳ ಒಂದು ಕಣ್ಣು ಆ ಹಸಿರು ಚುಕ್ಕಿಯ ಮೇಲೇ ಇತ್ತು. ಪಕ್ಕದ ಸೀಟಿನ ಮೋನಿಷಾ ಛೇಡಿಸಿದಳು. "ಅಕ್ಕ, ಬೇರೆಯವ್ರ ಮಕ್ಳೂ ಅವ್ರೆ ಪಾರ್ಕಲ್ಲಿ." ಹರ್ಷಿತಳ ಚುಕ್ಕಿ ಯಂತ್ರದ ಗಿಳಿಯ ಹತ್ತಿರ ಹೋಗಿ ನಿಲ್ಲುವುದು, ಅಜ್ಜಿಯ ಹಳದಿ ಚುಕ್ಕಿ ನಿಧಾನವಾಗಿ ಹಿಂದೆ ಬರುವುದು, ಇಬ್ಬರೂ ಮುಂದೆ ಹೋಗುವುದು, ಹಸಿರು ಚುಕ್ಕಿ ಮತ್ತೆ ಗಿಳಿಯ ಹತ್ತಿರ ಓಡುವುದು. ಗಿಳಿ ಇದ್ದದ್ದು ಕುಂಟೆಯಲ್ಲಿ, ದಡಕ್ಕೆ ಅಂಟಿದಂತಿದ್ದ ಸಿಮೆಂಟು ಬಂಡೆಯ ಮೇಲೆ. ಆಳೆತ್ತರದ ಗಿಳಿ. ಪಟ್ಟಿ ಕಟ್ಟಿದ ಮಗು ಕಂಬಿಯ ಹತ್ತಿರ ಬಂದರೆ ರೆಕ್ಕೆ ಬಡಿದು ಹೆಸರು ಕೂಗುತ್ತದೆ. ಹರ್ಷಿತಳಿಗೆ ಏನು ಕೂಗಬೇಕೆಂದು ಹಿಂದಿನ ದಿನ ಭಾನುಪ್ರಿಯಾಳೇ ಟೈಪ್ ಮಾಡಿದ್ದಳು. "ಹರ್ಷಿತಾ, ಬಂದ್ಯಾ? ನಿನಗೋಸ್ಕರ ಕಾಯ್ತಾ ಇದ್ದೆ." ಮಗು ಈಗ ಹೇಗೆ ಕುಣಿಯುತ್ತಿರಬಹುದೆಂದು ನೆನೆದು ಕೂತಲ್ಲೇ ಅವಳ ಮನಸ್ಸು ತುಂಬಿ ಬಂತು.

ಆಮೇಲೆ ಎರಡೂ ಚುಕ್ಕಿ ಬೇವಿನ ಮರದ ಕಡೆ ಸಾಗಿದವು. ಮರದ ಬುಡದಲ್ಲಿ ಹಸಿರೂ ಹಳದಿಯೂ ಒಂದರ ಮೇಲೊಂದು ಕೂತವು. ಅಲ್ಲಾಡಲಿಲ್ಲ. ಸದ್ಯ, ಓಡಾಟ ನಿಲ್ಲಿಸಿ ಅಜ್ಜಿಯ ಮಡಿಲಲ್ಲಿ ಕೂತು ಏನಾದರೂ ತಿನ್ನುತ್ತಿರಬೇಕು ಎಂದುಕೊಂಡು ಭಾನುಪ್ರಿಯಾ ನೀರಿನ ಬಾಟಲಿ ತೆರೆದಳು. ಅವಳ ಮೊಬೈಲಿಗೂ ಪಾರ್ಕಿನ ಮೆಸೇಜು ಬಂತು. 'ಹರ್ಷಿತ ಈಗ ಪಾರಂಪರಿಕ ಮೂಲೆಯಲ್ಲಿ ಆನಂದಿಸುತ್ತಿದ್ದಾಳೆ.'

ಸ್ವಲ್ಪ ಹೊತ್ತಿಗೆ ವಾಕಿಟಾಕಿ ಗೊರಗೊರ ಅಂದಿತು. ಸೆಕ್ಯುರಿಟಿಯ ಆಂಜಿನಪ್ಪ. ಅದೇ ಊರಿನವನು, ಅವಳ ಮನೆಯಿಂದ ನಾಲ್ಕು ಮನೆಯಾಚೆ.

"ಭಾನಮ್ಮ, ನಿಮ್ಮತ್ತೆ ಇಲ್ಲಿ ಪಾಪ್‌ಕಾರ್ನ್ ಅಂಗಡಿ ತಾವ ಬಂದವ್ರೆ. ಮಗು ಕಾಣಿಸ್ತಿಲ್ಲ ಅಂತ ಗಾಬರಿ ಬಿದ್ದವ್ರೆ."

ಭಾನುಪ್ರಿಯಾ ತಟ್ಟನೆ ಪರದೆ ನೋಡಿದಳು. ನೋಡಿದ ಕೂಡಲೇ ಸಮಾಧಾನವಾಯಿತು. ಹಳದಿ ಚುಕ್ಕಿ ಪಾಪ್‌ಕಾರ್ನ್ ಅಂಗಡಿಯ ಮುಂದೆ. ಹಸಿರು ಚುಕ್ಕಿ ಮರದ ಬುಡದಲ್ಲಿ, ಇದ್ದ ಹಾಗೇ.

"ಮಗು ಮರದ ಹತ್ರಾನೇ ಇದಾಳೆ ಆಂಜಿನಪ್ಪಣ್ಣ. ದಾರಿ ತಪ್ಪಿರೋದು ಅತ್ತೆ. ಕರ್ಕೊಂಡು ಹೋಗಿ ಅಲ್ಲಿ ಬಿಟ್ಬಿಡಿ."

ಆ ಕಡೆಯಿಂದ ಅತ್ತೆಯ ದನಿ ಕೇಳಿತು, ಏದುಸಿರಿನಲ್ಲಿ. "ಇಲ್ಲ ಅಂತ ಹೇಳಪ್ಪ ಅವಳ್ಗೆ. ನಾನು ಮರ ಸುತ್ತಿ ನೋಡ್ದೆ. ಕುಂಟೆ ತಾವ ಹೋಗವ್ಳೇನೋ, ಗಿಣಿ ಗಿಣಿ ಅಂತಿದ್ಲು. ಅಲ್ಲಿಗೆ ಹೋಗಾಣ ಬಾ."

"ಕೇಳಿಸ್ತಾ ಭಾನಮ್ಮ? ಕುಂಟೆ ಕಡೆ ಒಂದ್ಸಲ ನೋಡ್ಕೊಂಡು ಬರ್ತೀನಿ," ಅಂದ ಆಂಜಿನಪ್ಪ.

ಭಾನುಪ್ರಿಯಾಳಿಗೆ ರೇಗಿತು. ಅತ್ತೆಯ ಸ್ವಭಾವವೇ ಹಾಗೆ. ಕರೆಂಟು ಹೋದರೂ ಯಾರೋ ಮಾಟ ಮಾಡಿಸಿದ್ದಾರೆ ಅನ್ನುವವರು. ಹಿಂದೆ ವಿಜಯ್ ಸರ್ ನಿಂತಿದ್ದರು, ಮೋನಿಷಾ ಕಿವಿಗೊಟ್ಟಿದ್ದಳು. ತನ್ನ ಮನೆಯವರೇ ತನ್ನ ಪರದೆಯನ್ನು ನಂಬದೆ ಪಾರ್ಕಿನ ತುಂಬ ಬೊಬ್ಬೆ ಹಾಕುವುದು ಅವಳಿಗೆ ನಾಚಿಕೆ ತಂದಿತು.

"ಕುಂಟೆ ಕಡೆ ಹೋಗೋದು ಬೇಡ," ಅಂದಳು ಗಟ್ಟಿಯಾಗಿ. "ನಂಗೆ ಇಲ್ಲಿ ಕಾಣ್ತಾ ಇದೆ. ಆ ಕಡೆ ಹೋದ್ರೆ ಮಗು ಒಬ್ಳೇ ಮರದ ಹತ್ರ ಕೂತಿರ್ತಾಳೆ. ನೀವು ಮೊದ್ಲು ಮರದ ಹತ್ರ ಹೋಗಿ."

"ಆಯ್ತಮ್ಮ," ಅಂದ ಆಂಜಿನಪ್ಪ. ಆನೆಯ ಹೊಟ್ಟೆಯಿಂದ ಹುಡುಗನನ್ನು ಎತ್ತಿಕೊಂಡವನು ಅವನೇ. ಅವನೂ ನಂಬಿದ.

ಪಾಪ್‌ಕಾರ್ನ್ ಅಂಗಡಿಯಿಂದ ಎಡಕ್ಕೆ ತಿರುಗಿದರೆ ಕುಂಟೆ ಕೂಗಳತೆ ದೂರ. ಮರ ಬಲಕ್ಕೆ, ಪಾರ್ಕಿನ ಆ ತುದಿಯಲ್ಲಿ. ಹಳದಿ ಚುಕ್ಕಿ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಹಿಂದಕ್ಕೆ ತಿರುಗಿತು. ಮತ್ತೆ ಎಡಕ್ಕೆ ಎಳೆಯಿತು. ಆಂಜಿನಪ್ಪ ರಟ್ಟೆ ಹಿಡಿದಿರಬೇಕು. ಕೊನೆಗೆ ಬಲಕ್ಕೆ ಹೊರಟಿತು, ಅಶ್ವತ್ಥಮ್ಮನ ಮಂಡಿನೋವಿನ ನಡಿಗೆಯಲ್ಲಿ. ಭಾನುಪ್ರಿಯಾ ಅದನ್ನೇ ನೋಡುತ್ತ ಕೂತಿದ್ದಳು. ಪಕ್ಕದ ಗೋಡೆಯಲ್ಲಿ ಕ್ಯಾಮೆರಾದ ಪರದೆಗಳಿದ್ದವು, ಕುಂಟೆಯದ್ದೂ ಒಂದಿತ್ತು. ಕತ್ತು ಹೊರಳಿಸಿದ್ದರೆ ಸಾಕಿತ್ತು. ಚುಕ್ಕಿ ಕಣ್ಣೆದುರಿಗೇ ಇರುವಾಗ ಕ್ಯಾಮೆರಾ ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ?

ವಾಕಿಟಾಕಿ ಮತ್ತೆ ಗೊರಗುಟ್ಟಿತು. "ಭಾನಮ್ಮ, ಇಲ್ಲಿ ಯಾರೂ ಇಲ್ಲ."

"ಸರಿಯಾಗಿ ನೋಡಿ. ಮರದ ಹಿಂದೆ ಇರ್ಬೇಕು. ಬಚ್ಚಿಟ್ಕೊಂಡಿರ್ತಾಳೆ."

"ಹಿಂದೇನೂ ನೋಡ್ದೆ ಕಣಮ್ಮ."

"ನೀವು ನಿಂತಿರೋ ಕಡೆನೇ ಇದಾಳೆ ಅಣ್ಣ. ನಿಮ್ಮ ಮಗ್ಗುಲಲ್ಲೇ."

ಆ ಕಡೆ ರೆಂಬೆ ಸರಿಸುವ ಸದ್ದಾಯಿತು. ಆಮೇಲೆ ಆಂಜಿನಪ್ಪನ ದನಿ ಬಂತು, ಬೇರೆ ಯಾರದೋ ದನಿಯ ಹಾಗೆ. "ಪಟ್ಟಿ ಮರದಲ್ಲೈತೆ, ಭಾನು. ರೆಂಬೆಗೆ ಕಟ್ಟವ್ರೆ. ಮಗು ಇಲ್ಲ."

ಏನಾಗಿತ್ತೆಂದು ಅವಳಿಗೆ ಪೂರ್ತಿ ತಿಳಿದದ್ದು ಆಮೇಲೆ, ಪೊಲೀಸರು ಅತ್ತೆಯನ್ನು ಕೇಳುವಾಗ. ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋಗುವಾಗ ತಪಾಸಣೆಯವರು ಮೊಸರನ್ನದ ಡಬ್ಬಿ ತೆಗೆದಿಟ್ಟುಕೊಂಡಿದ್ದರು, ಹೊರಗಿನ ಊಟ ಒಳಗೆ ಬಿಡುವಂತಿಲ್ಲ. ಮಗುವಿನ ಕೈಯ ಗಾಜಿನ ಬಳೆಗಳನ್ನೂ ತೆಗೆಸಿದರು, ಆಟದಲ್ಲಿ ಒಡೆದರೆ ಗಾಯವಾಗುತ್ತದೆ. ಎಲೆಅಡಿಕೆ ಚೀಲದಲ್ಲಿದ್ದ ಬೆಣ್ಣೆ, ಅರಿಶಿನ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಮರದ ಬುಡಕ್ಕೆ ಬಂದು ಕೂತ ಅಶ್ವತ್ಥಮ್ಮನಿಗೆ ಮಗುವಿನ ಬೋಳು ಕೈ ಕಂಡು ಸಂಕಟವಾಯಿತು. ಬರಿಗೈಯಲ್ಲಿ ಬಂದರೆ ಅಮ್ಮ ಏನಂದುಕೊಂಡಾಳು? ಮಗುವಿನ ಕೈಯಲ್ಲಿ ಆಗ ಇದ್ದದ್ದು ಒಂದೇ. ಚೆಂದದ್ದು, ಬೇವಿನೆಲೆಯ ಬಣ್ಣದ್ದು, ಮಗುವಿನ ಹೆಸರು ಬೆಳಕಿನಲ್ಲಿ ಹೊಳೆಯುವಂಥದ್ದು. ಅಮ್ಮನಿಗೆ ಯಾರ ಮಗು ಎಂದು ಹೇಳಿಕೊಡುವ ಕಷ್ಟವೂ ಇಲ್ಲ. ಸೊಸೆಯ ಪರದೆಗೆ ಕಾಣುವುದು ಮಗುವಲ್ಲ, ಆ ಪಟ್ಟಿ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಕೊಂಡಿ ಬಿಚ್ಚಲಿಲ್ಲ. ಆದರೆ ಬಿಗಿ ಬಳೆಯನ್ನು ಒಡೆಯದೆ ತೆಗೆಯುವುದನ್ನು ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಬೆಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣಿನ ಮೇಲೆ ಮೆಲ್ಲಗೆ ಜಾರಿಸಿದರು. ಮಕ್ಕಳ ಮೂಳೆ ಮೆತ್ತಗೆ, ನೋವೂ ಆಗಲಿಲ್ಲ. ಕೊಂಡಿ ಬಿಚ್ಚಿರಲಿಲ್ಲ, ಪಟ್ಟಿ ಹರಿದಿರಲಿಲ್ಲ, ಹಾಗಾಗಿ ಕಂಟ್ರೋಲ್ ರೂಮಿನಲ್ಲಿ ಏನೂ ಕೂಗಲಿಲ್ಲ. ಸೆರಗಿನ ಅಂಚಿನ ದಾರ ಎಳೆದು ರೆಂಬೆಗೆ ಕಟ್ಟಿ, ಕಣ್ಣು ಮುಚ್ಚಿ, ಮಗುವಿಗೆ ನೂರು ವರ್ಷ ಆಯಸ್ಸು ಕೊಡು ಎಂದು ಬೇಡಿಕೊಂಡರು. ಕಣ್ಣು ತೆರೆದಾಗ ಮಗು ಇರಲಿಲ್ಲ.

ಭಾನುಪ್ರಿಯಾ ಓಡಿದಳು. ಕುರ್ಚಿ ಬಿದ್ದದ್ದು, ವಿಜಯ್ ಏನೋ ಅಂದದ್ದು ಯಾವುದೂ ಅವಳ ಕಿವಿಗೆ ಹೋಗಲಿಲ್ಲ. ಮರದ ಕಡೆಗಲ್ಲ, ಕುಂಟೆಯ ಕಡೆಗೇ ಓಡಿದಳು. ತೋಟದ ಕೆಲಸದ ನರಸಿಂಹಯ್ಯ ಆಗಲೇ ಎದೆಯುದ್ದ ನೀರಿನಲ್ಲಿದ್ದ. ನೀಲಿ ನೀರಿನಲ್ಲಿ ಒಂದು ಹಳದಿ ಫ್ರಾಕು ಕಂಡು ಇಳಿದವನು. ಎತ್ತಿಕೊಂಡು ಬಂದು ದಡದಲ್ಲಿ ಮಲಗಿಸಿದ. ಹೊಟ್ಟೆ ಒತ್ತಿದರು, ಬಾಯಿಗೆ ಬಾಯಿಟ್ಟು ಊದಿದರು, ಪಾರ್ಕಿನ ಆಂಬುಲೆನ್ಸಿನಲ್ಲಿ ದೇವನಹಳ್ಳಿಗೆ ಹೊತ್ತುಕೊಂಡು ಹೋದರು. ಆಸ್ಪತ್ರೆಯಲ್ಲಿ ನರ್ಸು ಮಗುವಿನ ಎರಡೂ ಕೈ ಹಿಡಿದು ನೋಡಿ, ಕೆಳಗಿಟ್ಟಳು. ಎಡಗೈಯ ಮೇಲೆ ಬೆಣ್ಣೆಯ ಜಿಡ್ಡು ಇನ್ನೂ ಹೋಗಿರಲಿಲ್ಲ.

ಕ್ಯಾಮೆರಾದಲ್ಲಿ ಇದ್ದದ್ದನ್ನು ಪೊಲೀಸರು ನೋಡಿದರು, ಬೀರೇಶ್ ನೋಡಿದ, ಭಾನುಪ್ರಿಯಾ ನೋಡಿದಳು. ಮಗು ಕಂಬಿಯ ಹತ್ತಿರ ಬಂದು ನಿಲ್ಲುತ್ತದೆ. ಗಿಳಿ ಸುಮ್ಮನಿದೆ. ಮಗು ಕೈ ಎತ್ತಿ ಆಡಿಸುತ್ತದೆ. ಗಿಳಿ ಸುಮ್ಮನಿದೆ. ಅದಕ್ಕೆ ತಾನು ಬಂದದ್ದು ತಿಳಿಯಲಿಲ್ಲವೇನೋ ಎಂದು ಮಗು ಕಂಬಿಯ ಕೆಳಗೆ ನುಸುಳಿ, ದಡದ ಅಂಚಿಗೆ ಹೋಗಿ, ಇನ್ನೊಮ್ಮೆ ಕೈ ಎತ್ತುತ್ತದೆ. ಆ ಹೊತ್ತಿಗೆ ಆಂಜಿನಪ್ಪ ಅಶ್ವತ್ಥಮ್ಮನ ರಟ್ಟೆ ಹಿಡಿದು ಮರದ ಕಡೆ ಕರೆದೊಯ್ಯುತ್ತಿದ್ದ. ಅದು ಪೊಲೀಸರಿಗೆ ಗೊತ್ತಿರಲಿಲ್ಲ. ಕ್ಯಾಮೆರಾದ ಸಮಯವನ್ನೂ ಚುಕ್ಕಿಗಳ ಪರದೆಯ ಸಮಯವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ಯಾರೂ ಕೇಳಲಿಲ್ಲ. ಯಾರೂ ಕೇಳದಿದ್ದರೂ ಭಾನುಪ್ರಿಯಾ ನೋಡಿದ್ದಳು.

ಮಣ್ಣು ಮಾಡಿದ ಮಾರನೆಯ ಮಧ್ಯಾಹ್ನ ವಿಜಯ್ ಮನೆಗೆ ಬಂದರು. ಅಂಗಳದಲ್ಲಿ ಶಾಮಿಯಾನದ ಕೆಳಗೆ ಊರಿನವರೆಲ್ಲ ಕೂತಿದ್ದರು. ವಿಜಯ್ ಕೆಟ್ಟ ಮನುಷ್ಯನೇನಲ್ಲ, ಅವರ ಕಣ್ಣೂ ಕೆಂಪಾಗಿತ್ತು. ಆದರೆ ಹೇಳಿಕಳಿಸಿದ್ದನ್ನು ಹೇಳದೆ ಹೋಗುವಂತಿರಲಿಲ್ಲ.

"ನಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ ಬೀರೇಶ್. ಸಿಸ್ಟಮ್ ಸರಿಯಾಗೇ ಕೆಲಸ ಮಾಡಿದೆ. ಮಗು ಕೈಯಿಂದ ಬ್ಯಾಂಡ್ ತೆಗೆದುಬಿಟ್ರೆ ನಾವು ಏನು ಮಾಡೋಕಾಗುತ್ತೆ, ನೀವೇ ಹೇಳಿ."

ಅಂಗಳದ ಕಣ್ಣೆಲ್ಲ ಗೋಡೆಗೊರಗಿ ಕೂತಿದ್ದ ಅಶ್ವತ್ಥಮ್ಮನ ಮೇಲೆ ಹೋಯಿತು. ಪಕ್ಕದ ಮನೆಯ ಪಾಪಮ್ಮ, "ಕೈನಾಗಿದ್ದದ್ದ ಬಿಟ್ಲು, ಮಗೀನ್ನೇ ಬಿಟ್ಲು," ಅಂತ ಎಲ್ಲರಿಗೂ ಕೇಳುವಷ್ಟು ಮೆತ್ತಗೆ ಅಂದಳು. ಅಶ್ವತ್ಥಮ್ಮ ಎರಡು ದಿನದಿಂದ ಒಂದೇ ಮಾತು ಹೇಳುತ್ತಿದ್ದರು. ಬಳೆ ಬಿಡ್ತೀನಿ ಅಂತ ಹೇಳ್ಕೊಂಡು ರಬ್ಬರ್ ಕೊಟ್ಟೆ, ಅಮ್ಮನಿಗೆ ಸಿಟ್ಟು ಬಂತು. ಈಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ಭಾನುಪ್ರಿಯಾ ಕಾಯುತ್ತಿದ್ದಳು. ಎರಡು ದಿನದಿಂದಲೂ ಕಾಯುತ್ತಲೇ ಇದ್ದಳು. ಈಗ ಅತ್ತೆ ಬಾಯಿ ಬಿಡುತ್ತಾರೆ. ನಾನು ಕುಂಟೆ ಕಡೆ ಹೋಗೋಣ ಅಂದೆ, ಇವಳು ಬಿಡಲಿಲ್ಲ, ನನ್ನ ರಟ್ಟೆ ಹಿಡಿಸಿ ವಾಪಸ್ ಕಳಿಸಿದಳು ಅನ್ನುತ್ತಾರೆ. ಅಂದುಬಿಟ್ಟರೆ ಒಳ್ಳೆಯದು ಅಂತಲೂ ಅನ್ನಿಸುತ್ತಿತ್ತು, ಅಂದರೆ ಹೇಗಪ್ಪಾ ಎಂದು ಭಯವೂ ಆಗುತ್ತಿತ್ತು.

ಬೀರೇಶ್ ತಾಯಿಯ ಮುಖ ನೋಡುವುದನ್ನೇ ಬಿಟ್ಟಿದ್ದ. ಹೆಂಡತಿಯ ಕಡೆ ತಿರುಗಿದ. "ನೀನು ಅಲ್ಲೇ ಕೂತಿದ್ಯಲ್ಲ. ಎಲ್ಲಾ ಕಾಣ್ತದೆ ಅಂತಿದ್ದೆ. ನಿಂಗೆ ಗೊತ್ತಾಗ್ಲೇ ಇಲ್ವಾ?"

ಶಾಮಿಯಾನದ ಆ ತುದಿಯಲ್ಲಿ ಆಂಜಿನಪ್ಪ ತಲೆ ಎತ್ತಿ ಅವಳನ್ನು ನೋಡಿದ. ಭಾನುಪ್ರಿಯಾ ಬಾಯಿ ತೆರೆದಳು.

ಅಷ್ಟರಲ್ಲಿ ಅಶ್ವತ್ಥಮ್ಮ ಮಾತಾಡಿದರು. "ಅವಳ್ಗೆಂಗಪ್ಪ ಗೊತ್ತಾಗ್ತದೆ? ತೆಗ್ದೋಳು ನಾನು. ಅವಳ್ಗೆ ತಿಳಿದಿದ್ರೆ ಓಡಿ ಬರ್ತಿರ್ಲಿಲ್ವಾ?" ಹೇಳುವಾಗ ಅವರು ಮಗನನ್ನು ನೋಡುತ್ತಿರಲಿಲ್ಲ, ಸೊಸೆಯನ್ನು ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮಗು ಹೋದ ಮನೆಯಲ್ಲಿ ಇನ್ನೊಂದು ಜೀವವಾದರೂ ಉಳಿಯಲಿ ಅನ್ನುವಂತಿತ್ತು.

"ಹೂಂ," ಅಂದಳು ಭಾನುಪ್ರಿಯಾ.

ಆಂಜಿನಪ್ಪ ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಹೊರಟುಹೋದ.

"ನಾಳೆ ನಿನ್ನ ದಾಬಸ್‌ಪೇಟೆಗೆ ಅಕ್ಕನ ಮನೇಗೆ ಬಿಟ್ಟು ಬರ್ತೀನಿ," ಅಂದ ಬೀರೇಶ್ ತಾಯಿಗೆ, ನೆಲ ನೋಡುತ್ತ. "ಅಲ್ಲೇ ಇರು. ಈ ಮನೇಲಿ ನಿನ್ನ ಮುಖ ನೋಡ್ಕೊಂಡಿರೋಕೆ ನನ್ನ ಕೈಲಾಗಲ್ಲ."

"ಆಗ್ಲಪ್ಪ," ಅಂದರು ಅಶ್ವತ್ಥಮ್ಮ. ಗೋಡೆ ಹಿಡಿದು ಎದ್ದರು. ಒಳಗೆ ಹೋಗಿ ಟ್ರಂಕು ಎಳೆದರು, ಸೀರೆಗಳನ್ನು ಮಡಿಸತೊಡಗಿದರು. ಭಾನುಪ್ರಿಯಾಳಿಗೆ ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಅವಳು ಎದ್ದು ಹೋಗಿ ತಡೆಯಲಿಲ್ಲ.